ಫ್ರೆಂಚಿನ ‘ಹೋಗಿದ್ದೆ’: ಪ್ಲ್ಯೂ-ಕ-ಪಾರ್ಫೆ ಕಟ್ಟುವುದು

‘ತಿಂದಿದ್ದೆ’ ಅನ್ನುವುದನ್ನು ಬಿಡಿಸಿದರೆ ತಿಂದು + ಇದ್ದೆ. ಫ್ರೆಂಚಿನ ಪ್ಲ್ಯೂ-ಕ-ಪಾರ್ಫೆ (ಹಿಂದೆ ನಡೆದದ್ದಕ್ಕೂ ಹಿಂದಿನದನ್ನು ಹೇಳುವ ಭೂತಕಾಲ) ಕೂಡ ಹೀಗೇ ಎರಡು ತುಂಡು, ಕ್ರಮ ಮಾತ್ರ ತಿರುಗುಮುರುಗು: ಮೊದಲು ಸಹಾಯಕ ಕ್ರಿಯಾಪದದ ಆಂಪಾರ್ಫೆ (ಹಿಂದೆ ನಡೆಯುತ್ತಿದ್ದುದನ್ನು ಹೇಳುವ ಭೂತಕಾಲ) ರೂಪ, ಆಮೇಲೆ ಪಾರ್ತಿಸಿಪ್ ಪಾಸೆ, ಅಂದರೆ ನಮ್ಮ ‘ತಿಂದು’ವಿನಂಥ ಕೃದಂತ. ‘ಜಾವೆ ಮಾಂಜೇ’ ಅಂದರೆ ತಿಂದಿದ್ದೆ.

ನಮಗೆ ‘ಇರು’ ಒಂದೇ ಸಾಕು. ಅವರಿಗೆ ಎರಡು ಬೇಕು: ಆವ್ವಾರ್ (ಹೊಂದಿರು) ಮತ್ತು ಎತ್ರ್ (ಇರು). ಆವ್ವಾರ್ ಆದರೆ ಜಾವೆ, ತ್ಯು ಅವೆ, ಇಲ್ ಅವೆ, ನು ಝಾವ್ಯೋಂ, ವು ಝಾವ್ಯೇ, ಇಲ್ ಝಾವೆ. ಎತ್ರ್ ಆದರೆ ಜೇತೆ, ಇಲ್ ಏತೆ, ನು ಝೇತ್ಯೋಂ, ವು ಝೇತ್ಯೇ. ಆಂಪಾರ್ಫೆಯಲ್ಲಿ ನಿಯಮ ಮೀರುವ ಧಾತು ಇದೊಂದೇ.

ಹೆಚ್ಚಿನ ಕ್ರಿಯಾಪದಗಳಿಗೆ ಆವ್ವಾರ್. ಹೋಗು, ಬಾ, ಹೊರಡು, ಹುಟ್ಟು, ಸಾಯು, ಬೀಳು, ಉಳಿ ಮೊದಲಾದವಕ್ಕೆ, ಜೊತೆಗೆ ‘ಸ’ (ತನ್ನನ್ನು) ಅಂಟಿಸಿಕೊಂಡ ಎಲ್ಲ ಕ್ರಿಯಾಪದಗಳಿಗೆ ಎತ್ರ್. ಎಡವುವುದು ಎರಡೂ ಬಗೆಯಲ್ಲಿ ಬರುವ ಕೆಲವು ಧಾತುಗಳಲ್ಲಿ. ‘ಎಲ್ ಏತೆ ದೆಸಾಂದ್ಯೂ’ ಅಂದರೆ ಇಳಿದಿದ್ದಳು. ‘ಎಲ್ ಅವೆ ದೆಸಾಂದ್ಯೂ ಲಾ ವಾಲೀಸ್’ ಅಂದರೆ ಸೂಟ್‌ಕೇಸ್ ಇಳಿಸಿದ್ದಳು. ಕನ್ನಡದಲ್ಲಿ ‘ಇಸು’ ಬಂದ ಕಡೆ ಫ್ರೆಂಚಿನಲ್ಲಿ ಆವ್ವಾರ್ ಬರುತ್ತದೆ ಎಂದುಕೊಂಡರೆ ಮುಕ್ಕಾಲು ಪಾಲು ದಾರಿ ಸಾಗುತ್ತದೆ. ಪೂರ್ತಿ ಅಲ್ಲ: ಮೆಟ್ಟಿಲು ಇಳಿದಿದ್ದಳು ಅನ್ನಲೂ ಆವ್ವಾರೇ ಬೇಕು, ಮೆಟ್ಟಿಲು ಅಲ್ಲಿ ಕರ್ಮಪದ.

ಎತ್ರ್ ಬಂದರೆ ಪಾರ್ತಿಸಿಪ್ ಸಾಮಾನ್ಯವಾಗಿ ಕರ್ತೃವಿನ ಲಿಂಗ, ವಚನಕ್ಕೆ ಹೊಂದಬೇಕು. ‘ಎಲ್ ಏತೆ ಪಾರ್ತಿ’ ಬರೆಯುವಾಗ ಕೊನೆಗೊಂದು ‘e’ ಅಕ್ಷರ ಸೇರುತ್ತದೆ, ಕಿವಿಗೆ ಮಾತ್ರ ಕೇಳಿಸದು. ‘ಮೋರ್’ (ಸತ್ತ) ಇದ್ದದ್ದು ಹೆಣ್ಣಿಗೆ ‘ಮೋರ್ತ್’ ಆದಾಗ ಕೇಳಿಸುತ್ತದೆ. ಆವ್ವಾರ್ ಜೊತೆ ಹೊಂದಾಣಿಕೆ ಬೇಕಾಗುವುದು ನೇರ ಕರ್ಮ ಮುಂಚೆಯೇ ಬಂದಿದ್ದರೆ: ನಾನು ಬರೆದಿದ್ದ ಪತ್ರ, ‘ಲಾ ಲೆತ್ರ್ ಕ ಜಾವೆ ಏಕ್ರೀತ್’. ಇಲ್ಲಿ ‘ಏಕ್ರಿ’ ಅಂದರೆ ತಪ್ಪು, ತಪ್ಪು ಕಿವಿಗೂ ಬೀಳುತ್ತದೆ.

ನಿಷೇಧಕ್ಕೆ ತಲೆಬಿಸಿ ಬೇಡ. ‘ತಿಂದಿರಲಿಲ್ಲ’ದಲ್ಲಿ ‘ಇಲ್ಲ’ ಅಂಟಿರುವುದು ‘ಇರು’ವಿಗೆ; ಫ್ರೆಂಚಿನಲ್ಲೂ ‘ನ... ಪಾ’ ಸುತ್ತಿಕೊಳ್ಳುವುದು ಸಹಾಯಕಕ್ಕೇ: ಜ ನಾವೆ ಪಾ ಮಾಂಜೇ. ದೇಜಾ (ಆಗಲೇ) ಕೂಡ ಸಹಾಯಕ, ಪಾರ್ತಿಸಿಪ್ ಎರಡರ ನಡುವೆ ಕೂರುತ್ತದೆ. ‘ಕಾಂ ನು ಸೊಮ್ ಝಾರಿವೇ, ಲ ತ್ರೆಂ ಏತೆ ದೇಜಾ ಪಾರ್ತಿ’: ನಾವು ಬರುವಷ್ಟರಲ್ಲಿ ರೈಲು ಹೊರಟುಬಿಟ್ಟಿತ್ತು.

ರೂಪ ಇಷ್ಟು ಹತ್ತಿರ ಇರುವುದೇ ಕನ್ನಡಿಗರಿಗೆ ಕುತ್ತು. ನಾವು ‘ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದೆ’ ಅಂತ ಸುಮ್ಮನೆ ಹೇಳುತ್ತೇವೆ. ಅದರ ನಂತರ ಇನ್ನೊಂದು ಘಟನೆ ನಡೆದಿರಬೇಕೆಂದಿಲ್ಲ. ಅದನ್ನೇ ‘ಇಯೇರ್ (ನಿನ್ನೆ) ಜೇತೆ ಝಾಲೇ’ ಎಂದು ಶುರು ಮಾಡಿದರೆ ಕೇಳುವವರು ‘ಆಮೇಲೇನಾಯ್ತು?’ ಎಂದು ಕಾಯುತ್ತಾರೆ. ಅಲ್ಲಿ ಬೇಕಿರುವುದು ಪಾಸೆ ಕೋಂಪೋಝೇ, ಅಂದರೆ ನಡೆದು ಮುಗಿದದ್ದನ್ನು ಹೇಳುವ ಮಾಮೂಲಿ ಭೂತಕಾಲ: ಜ ಸ್ವಿ ಝಾಲೇ. ಹಿಂದೆ ನಡೆದ ಇನ್ನೊಂದು ಸಂಗತಿಗಿಂತಲೂ ಹಿಂದಿನದ್ದು ಅಂತ ತೋರಿಸಬೇಕಿದ್ದರೆ ಮಾತ್ರ ಪ್ಲ್ಯೂ-ಕ-ಪಾರ್ಫೆ.

‘ಸಿ’ (ನಮ್ಮ ‘-ರೆ’, ಒಂದು ವೇಳೆ) ಬಂದಾಗ ಪ್ಲ್ಯೂ-ಕ-ಪಾರ್ಫೆಗೆ ಇನ್ನೊಂದು ಕೆಲಸವಿದೆ. ಗೊತ್ತಿದ್ದಿದ್ದರೆ ಬರುತ್ತಿದ್ದೆ: ‘ಸಿ ಜಾವೆ ಸ್ಯೂ, ಜ ಸರೆ ವನ್ಯೂ’. ಫ್ರೆಂಚಿನ ‘ರೆ’ ಅಂತ್ಯವೆಲ್ಲ (ಸರೆಯಲ್ಲಿರುವಂಥದ್ದು) ಎರಡನೇ ಭಾಗಕ್ಕೆ ಮೀಸಲು. ‘ಸಿ ಜೋರೆ ಸ್ಯೂ’ ಫ್ರೆಂಚ್ ಮಕ್ಕಳ ಬಾಯಲ್ಲೂ ಬರುವ ತಪ್ಪು. ಸಿಗೆ ರೆ ಕಂಡರಾಗದು ಅನ್ನುವ ಮಾತನ್ನು ಅಲ್ಲಿನ ಶಾಲೆಗಳಲ್ಲಿ ಬಾಯಿಪಾಠ ಮಾಡಿಸುವುದು ಇದಕ್ಕೇ.