ಪುಣೆಯ ಬಾಲವಾಡಿ ಪೆಟ್ಟಿಗೆಗಳು ಮತ್ತು ಬ್ಲಾಕ್‌ಚೈನ್: ಮಳೆಗಾಲದವರೆಗೆ ಆದದ್ದು

ಬಾಲವಾಡಿಗಳಿಗೆ ಹೋಗುವ ಪೆಟ್ಟಿಗೆಗಳ ಲೆಕ್ಕವನ್ನು ಬ್ಲಾಕ್‌ಚೈನ್ ಮೇಲೆ, ಅಂದರೆ ಅನೇಕ ಕಂಪ್ಯೂಟರುಗಳು ಹಂಚಿಕೊಂಡು ಇಡುವ, ಬರೆದದ್ದನ್ನು ತಿದ್ದಲಾಗದ ಲೆಕ್ಕದ ಪುಸ್ತಕದಲ್ಲಿ, ಭದ್ರ ಮಾಡುವ ಪ್ರಯೋಗ ನಮ್ಮದು. ಆ ಪೈಲಟ್ ಈಗ ಟೆಸ್ಟ್ ನೆಟ್‌ವರ್ಕ್ (ಪರೀಕ್ಷೆಗೆಂದೇ ಇರುವ ಚೈನ್) ದಾಟಿ, ಪಾಲಿಗಾನ್ ಅನ್ನುವ ಸಾರ್ವಜನಿಕ ಬ್ಲಾಕ್‌ಚೈನ್‌ನ ಅಸಲಿ ಚೈನ್ ಮೇಲೆ ಬಂದಿದೆ. ಹಿಂಜೇವಾಡಿ, ವಾಘೋಲಿ ಕಡೆಯ ಕಟ್ಟಡ ಸೈಟುಗಳಲ್ಲಿ ನಮ್ಮ ಸಂಸ್ಥೆ ನಡೆಸುವ ಬಾಲವಾಡಿಗಳಿಗೆ ಹಾಲಿನ ಪುಡಿ, ಬೇಳೆ, ಶೇಂಗಾ ಚಿಕ್ಕಿ ತುಂಬಿದ ಪೆಟ್ಟಿಗೆಗಳು ಹೋಗುತ್ತವೆ. ಆ ಪೆಟ್ಟಿಗೆಗಳ ಲೆಕ್ಕಕ್ಕೆ ದಿನಾ ಸಂಜೆ ಚೈನ್ ಮೇಲೆ ಒಂದು ಮೊಹರು ಬೀಳುತ್ತಿದೆ. ಇಲ್ಲಿನ ಮಕ್ಕಳಲ್ಲಿ ತುಂಬಾ ಜನ ನಮ್ಮ ಕಡೆಯವರೇ. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಗೌಂಡಿ ಕೆಲಸಕ್ಕೆ ಬಂದವರ ಮಕ್ಕಳು.

ಮಕ್ಕಳ ಸಂಸ್ಥೆಗೆ ಬ್ಲಾಕ್‌ಚೈನ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಇದು ಹೊಸದೇನಲ್ಲ. ಯುನಿಸೆಫ್ 2019ರ ಅಕ್ಟೋಬರ್‌ನಲ್ಲೇ ಕ್ರಿಪ್ಟೋಫಂಡ್ ಶುರು ಮಾಡಿ ಬಿಟ್‌ಕಾಯಿನ್, ಈಥರ್ ಅನ್ನುವ ಡಿಜಿಟಲ್ ನಾಣ್ಯಗಳ ರೂಪದಲ್ಲೇ ದಾನ ಪಡೆದು, ಅದನ್ನು ಹಾಗೇ ಇಟ್ಟುಕೊಂಡು, ಹಾಗೇ ಹಂಚಿತು. 2020ರಲ್ಲಿ 8 ಕಂಪನಿಗಳಿಗೆ 125 ಈಥರ್ ಕಳಿಸಿತು. ಹೈದರಾಬಾದಿನ ಸ್ಟಾಟ್‌ವಿಗ್ ಅವುಗಳಲ್ಲಿ ಒಂದು. ಲಸಿಕೆ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದನ್ನು ಬ್ಲಾಕ್‌ಚೈನ್ ಮೇಲೆ ಹಿಡಿಯುವ ಕೆಲಸ ಅವರದು. ನಾವು ಮಾತ್ರ ಕಾಯಿನ್ ತಂಟೆಗೇ ಹೋಗಿಲ್ಲ. ಇಲ್ಲಿ ಹೊರದೇಶದ ದಾನ ಅಂದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಬರುತ್ತದೆ, 2020ರ ತಿದ್ದುಪಡಿ ಆದ ಮೇಲೆ ಆ ಹಣ ಮೊದಲು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ನಮಗೆ ಬೇಕಿದ್ದದ್ದು ಹಣ ಕಳಿಸುವ ದಾರಿ ಅಲ್ಲ, ಆಮೇಲೆ ಯಾರೂ ತಿದ್ದಲಾಗದ ಲೆಕ್ಕ.

ಈ ಸಲ ಜಾಸ್ತಿ ಹೊತ್ತು ಹೋದದ್ದು ಕೋಡ್ ಬರೆಯಲು ಅಲ್ಲ, ಒಂದು ವಾದಕ್ಕೆ. ಹಣ ಕೊಡುವವರಲ್ಲಿ ಒಬ್ಬರು ಪ್ರತಿ ಮಗುವಿಗೂ ಒಂದು ಐಡಿ ಕೊಟ್ಟು, ಯಾವ ಮಗು ಯಾವತ್ತು ಏನು ತಿಂದಿತು ಅಂತ ಚೈನ್ ಮೇಲೆ ತೋರಿಸಿ ಅಂದರು. ಹೆಸರು ಬೇಡ, ಹ್ಯಾಶ್ ಮಾಡಿ ಹಾಕಿ, ಯಾರಿಗೂ ಗೊತ್ತಾಗಲ್ಲ ಅಂದರು. (ಹ್ಯಾಶ್ ಅಂದರೆ ಯಾವುದೇ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ಅಂಕಿ-ಅಕ್ಷರಗಳ ಸಾಲು. ಒಂದೇ ಮಾಹಿತಿಗೆ ಯಾವಾಗಲೂ ಒಂದೇ ಸಾಲು ಬರುತ್ತದೆ, ಸಾಲಿನಿಂದ ಮಾಹಿತಿಯನ್ನು ನೇರವಾಗಿ ತೆಗೆಯಲು ಆಗುವುದಿಲ್ಲ.) ಗೊತ್ತಾಗುತ್ತದೆ. ಅಪ್ಪನ ಮೊಬೈಲ್ ನಂಬರನ್ನು ಹ್ಯಾಶ್ ಮಾಡಿದರೆ ಅದು ಓದಲು ಬಾರದ ಅಕ್ಷರಗಳ ಸಾಲಾಗಿ ಕಾಣಿಸುತ್ತದೆ ನಿಜ, ಆದರೆ 10 ಅಂಕಿಯ ನಂಬರುಗಳು ಇರುವುದೇ ಇಷ್ಟು ಅಂತ ಲೆಕ್ಕ ಇದೆ. ಒಂದು ಒಳ್ಳೆಯ ಕಂಪ್ಯೂಟರಿಗೆ ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಿ ನೋಡುವುದು ದೊಡ್ಡ ಕೆಲಸವೇ ಅಲ್ಲ. ಹೆಸರು ಮತ್ತು ಹುಟ್ಟಿದ ದಿನ ಸೇರಿಸಿದರೂ ಅದೇ ಕಥೆ. ಗುಟ್ಟಿನ ಸಾಲ್ಟ್, ಅಂದರೆ ನಮಗಷ್ಟೇ ಗೊತ್ತಿರುವ ಒಂದಿಷ್ಟು ಅಂಕಿ-ಅಕ್ಷರ, ಬೆರೆಸಿ ಹ್ಯಾಶ್ ಮಾಡಿದರೆ ಊಹಿಸುವುದು ಕಷ್ಟ ಆಗುತ್ತದೆ, ಒಪ್ಪುತ್ತೇನೆ. ಆದರೆ ಆ ಸಾಲ್ಟ್ ಮುಂದೆ ಯಾವತ್ತಾದರೂ ಸೋರಿಕೆಯಾದರೆ? ಚೈನ್ ಮೇಲೆ ಹೋದದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲ ಅಲ್ವಾ.

ಕಾನೂನೂ ಇದನ್ನೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕೂ ಅದರಲ್ಲಿ ಇದೆ. ಅಳಿಸಲಾಗದ ಜಾಗದಲ್ಲಿ ಮೂರು ವರ್ಷದ ಮಗುವಿನ ಗುರುತು ಇಟ್ಟರೆ, ಅದು ದೊಡ್ಡದಾಗಿ ಬಂದು ತೆಗೀರಿ ಅಂದಾಗ ನಾವು ಏನು ಹೇಳುವುದು? ಹಾಗಾಗಿ ನಿರ್ಧಾರ ಆಯಿತು: ಮಗುವಿನದು ಒಂದು ಅಕ್ಷರವೂ, ಒಂದು ಹ್ಯಾಶೂ ಚೈನ್ ಮೇಲೆ ಹೋಗುವುದಿಲ್ಲ. ಲೆಕ್ಕ ಕೊಡಬೇಕಾದವರು ನಾವು, ಮಕ್ಕಳಲ್ಲ. ಆ ದಾನಿಗಳು ಬೇಸರ ಮಾಡಿಕೊಂಡರು, ಆದರೆ ಕೊನೆಗೆ ಒಪ್ಪಿದರು.

ಈಗ ಚೈನ್ ಮೇಲೆ ಹೋಗುವುದು ದಿನಕ್ಕೆ 64 ಅಂಕಿ-ಅಕ್ಷರಗಳ ಒಂದೇ ಒಂದು ಸಾಲು, ಮರ್ಕಲ್ ರೂಟ್. ಮೊದಲು ಹೇಳಿದ ಸಂಜೆಯ ಮೊಹರು ಇದೇ. ರಾಲ್ಫ್ ಮರ್ಕಲ್ 1979ರಲ್ಲೇ ಕೊಟ್ಟ ಉಪಾಯ ಇದು. ಆ ದಿನದ ಪ್ರತಿ ಪೆಟ್ಟಿಗೆಯ ದಾಖಲೆಗೂ ಒಂದು ಹ್ಯಾಶ್, ಎರಡೆರಡು ಸೇರಿಸಿ ಮತ್ತೆ ಹ್ಯಾಶ್, ಹೀಗೆ ಮೇಲೇರುತ್ತಾ ಹೋಗಿ ಕೊನೆಗೆ ಒಂದು ಉಳಿಯುತ್ತದೆ. ಕೆಳಗೆ ಒಂದು ಅಂಕಿ ಬದಲಾದರೂ ಮೇಲಿನದು ಪೂರ್ತಿ ಬದಲಾಗುತ್ತದೆ. ದಾಖಲೆ 1024 ಇದ್ದರೂ, ಅದರಲ್ಲಿ ಒಂದು ಸರಿ ಇದೆ ಅಂತ ತೋರಿಸಲು 10 ಹ್ಯಾಶ್ ಕೊಟ್ಟರೆ ಸಾಕು, ಉಳಿದ ದಾಖಲೆಗಳನ್ನು ಬಿಚ್ಚಿಡಬೇಕಿಲ್ಲ. ಇದು ನನಗೆ ತುಂಬಾ ಇಷ್ಟವಾದ ಭಾಗ. ಆಡಿಟರ್‌ಗೆ ಕೇಳಿದ್ದನ್ನಷ್ಟೇ ತೋರಿಸಬಹುದು.

ಸಂಸ್ಥೆಯೊಳಗೇ ಖಾಸಗಿ ಚೈನ್ ಮಾಡಿಕೊಳ್ಳಿ, ಅಗ್ಗ ಅಂದವರೂ ಇದ್ದಾರೆ. ವಿಶ್ವ ಆಹಾರ ಕಾರ್ಯಕ್ರಮ 2017ರಲ್ಲಿ ಜೋರ್ಡಾನ್‌ನ ಅಜ್ರಾಕ್ ನಿರಾಶ್ರಿತರ ಶಿಬಿರದಲ್ಲಿ ನಡೆಸಿದ ಬಿಲ್ಡಿಂಗ್ ಬ್ಲಾಕ್ಸ್ ಆ ತರಹದ್ದೇ. ಕಣ್ಣು ಸ್ಕ್ಯಾನ್ ಮಾಡಿಸಿ ಅಂಗಡಿಯಲ್ಲಿ ದಿನಸಿ ತಗೊಳ್ಳುವ ವ್ಯವಸ್ಥೆ. ಬ್ಯಾಂಕಿಗೆ ಕೊಡುವ ಶುಲ್ಕ ಉಳಿಸುವುದರಲ್ಲಿ ಅದು ಒಳ್ಳೆಯ ಕೆಲಸ ಮಾಡಿತು. ಆದರೆ ಚೈನ್ ನಡೆಸುವವರೂ ನಾವೇ, ಲೆಕ್ಕ ಬರೆಯುವವರೂ ನಾವೇ ಆದರೆ ಹೊರಗಿನವರು ನಂಬಲು ಏನು ಕಾರಣ ಇರುತ್ತದೆ? ಅದಕ್ಕೇ ಸಾರ್ವಜನಿಕ ಚೈನ್. ದಿನಕ್ಕೆ ಒಂದು ಸಾಲು ಬರೆಯಲು ಪಾಲಿಗಾನ್‌ನಲ್ಲಿ ಆಗುವ ಖರ್ಚು ನಗಣ್ಯ. 

ಸೈಟಿನ ವಿಷಯಕ್ಕೆ ಬರೋಣ. ವಾಘೋಲಿಯ ಬಾಲವಾಡಿ ನೋಡಿಕೊಳ್ಳುವ ಅಕ್ಕ ಇಂಡಿ ತಾಲೂಕಿನವರು. ಹೋದ ತಿಂಗಳು ಫೋನ್ ಮಾಡಿ, "ಸರ್ರ, ಚಲನ್‌ದಾಗ ನಲವತ್ತು ಅಂತ ಬರದೀರಿ, ಇಲ್ಲಿ ಬಂದದ್ದು ಮೂವತ್ತೆಂಟ ಅದಾವ್ರಿ. ನಾ ಹೆಂಗ ನಲವತ್ತಕ್ಕ ಒತ್ತಲಿ?" ಅಂದರು. ಆ್ಯಪ್‌ನಲ್ಲಿ 40 ಒತ್ತಬೇಡ ಅಕ್ಕ, 38 ಅಂತಲೇ ಹಾಕು ಅಂದೆ. ಮೊದಲಾಗಿದ್ದರೆ ಗೋಡೌನ್ ರಿಜಿಸ್ಟರ್ ತಿಂಗಳ ಕೊನೆಗೆ ಹೇಗೋ ಹೊಂದಿಕೊಳ್ಳುತ್ತಿತ್ತು, ಅಕ್ಕನ ಮಾತು ಮಾತಾಗಿಯೇ ಉಳಿಯುತ್ತಿತ್ತು. ಈಗ ಗೋಡೌನ್ ಹೇಳಿದ 40, ಅಕ್ಕ ಹೇಳಿದ 38, ಎರಡೂ ಆವತ್ತಿನ ರೂಟ್ ಒಳಗೆ ಕೂತಿವೆ. ಇನ್ನೆರಡು ಪೆಟ್ಟಿಗೆ ಟೆಂಪೊದಲ್ಲೇ, ಹಿಂದಿನ ಸೈಟಿನ ಖಾಲಿ ಚೀಲಗಳ ಕೆಳಗೆ ಸಿಕ್ಕವು. ಕಳ್ಳತನ ಏನೂ ಅಲ್ಲ. ಆದರೆ ಆವತ್ತೇ ಹುಡುಕಿದ್ದರಿಂದ ಸಿಕ್ಕವು.

ಒಂದು ಮಾತು ಸ್ಪಷ್ಟ ಇರಲಿ. ಪೆಟ್ಟಿಗೆ ನಿಜವಾಗಿ ಬಂತೋ ಇಲ್ಲವೋ ಅಂತ ಚೈನ್‌ಗೆ ಗೊತ್ತಾಗುವುದಿಲ್ಲ. ಸುಳ್ಳು ಅಂಕಿ ಹಾಕಿದರೆ ಅದು ಸುಳ್ಳನ್ನೇ ಭದ್ರವಾಗಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಕಳಿಸಿದವರ ಸಹಿ, ತಗೊಂಡವರ ಸಹಿ ಬೇರೆ ಬೇರೆ ಫೋನಿನಿಂದ, ಬೇರೆ ಬೇರೆ ಕೀಲಿಯಿಂದ (ಡಿಜಿಟಲ್ ಸಹಿ ಹಾಕುವ ಗುಟ್ಟಿನ ಸಂಕೇತ) ಬರಬೇಕು ಅಂತ ಮಾಡಿದ್ದೇವೆ. ಒಬ್ಬರ ಅಂಕಿ ಇನ್ನೊಬ್ಬರಿಗೆ ಮೊದಲೇ ಕಾಣಿಸುವುದೂ ಇಲ್ಲ. ಅಕ್ಕ ಚಲನ್ ಕಾಗದ ನೋಡಿ ಹೋಲಿಸಿದ್ದು ಒಳ್ಳೆಯದೇ ಆಯಿತು, ಆದರೆ ಇನ್ನು ಮೇಲೆ ಆ ಕಾಗದದ ಮೇಲೂ ಸಂಖ್ಯೆ ಇರುವುದಿಲ್ಲ.

ಸಣ್ಣಪುಟ್ಟವು: ಮಳೆಗೆ ಕ್ಯೂಆರ್ ಸ್ಟಿಕ್ಕರ್ ಕಿತ್ತು ಬರುತ್ತಿದ್ದವು, ಈಗ ಮುಚ್ಚಳದ ಒಳಗೆ ಅಂಟಿಸುತ್ತಿದ್ದೇವೆ. ಬೇಸ್‌ಮೆಂಟಿನ ಬಾಲವಾಡಿಗಳಲ್ಲಿ ನೆಟ್‌ವರ್ಕ್ ಇಲ್ಲ, ದಾಖಲೆ ಫೋನಿನಲ್ಲೇ ಉಳಿದು ಸಂಜೆ ಹೊರಗೆ ಬಂದಾಗ ನಮಗೆ ಬಂದು ಸೇರುತ್ತದೆ. ಹಾಕಿದ ಅಂಕಿಯನ್ನು ಆ್ಯಪ್ ಈಗ ಕನ್ನಡದಲ್ಲೂ ಮರಾಠಿಯಲ್ಲೂ ಗಟ್ಟಿಯಾಗಿ ಓದಿ ಹೇಳುತ್ತದೆ.

ಮುಂದಿನದು ಕಷ್ಟದ್ದು. ದೀಪಾವಳಿ ಹೊತ್ತಿಗೆ ಕಬ್ಬಿನ ಹಂಗಾಮು ಶುರು. ಬಾರಾಮತಿ, ದೌಂಡ್ ಕಡೆ ಕಬ್ಬು ಕಡಿಯುವವರ ಟೋಳಿಗಳ ಜೊತೆ ಬಾಲವಾಡಿಯೂ ಹೋಗಬೇಕು ಅಂತ ಯೋಚನೆ. ಅಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಕೋಯ್ತಾ (ಕಬ್ಬು ಕಡಿಯುವ ಕತ್ತಿ) ಅಂತ ಮುಕಾದಮ್, ಅಂದರೆ ಕೂಲಿಯವರನ್ನು ಕರೆತರುವ ಮೇಸ್ತ್ರಿ, ಲೆಕ್ಕ ಹಾಕುತ್ತಾನೆ, ಮಕ್ಕಳು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಅವರಿಗೆ ಎಷ್ಟು ಪೆಟ್ಟಿಗೆ ಕಳಿಸಬೇಕು ಅನ್ನುವುದೇ ಮೊದಲ ಪ್ರಶ್ನೆ. ಜಾಗ ಬದಲಾಗುತ್ತಲೇ ಇರುವುದರಿಂದ ಕೀಲಿಯನ್ನು ಸೈಟಿನಿಂದ ಬಿಡಿಸಿ ಅಕ್ಕಂದಿರ ಹೆಸರಿಗೆ ಕೊಡಬೇಕು. ಫೋನ್ ಕಳೆದರೆ ಹಳೆಯ ಕೀಲಿ ರದ್ದು ಮಾಡಿ ಹೊಸದು ಕೊಡುವ ದಾರಿಯೂ ಬೇಕು. ಆ ಭಾಗದ ಕೋಡ್ ಅರ್ಧ ಆಗಿದೆ. ಪುಣೆಯಲ್ಲಿ ಇದನ್ನು ಕೂತು ಓದಿ ತಪ್ಪು ಹುಡುಕಿ ಕೊಡುವವರು ಇದ್ದರೆ ದಯವಿಟ್ಟು ಹೇಳಿ, ಗಣಪತಿ ಹಬ್ಬದೊಳಗೆ ಮುಗಿಸಬೇಕು.