ಖಾಲಿ ಖಾನೆಗಳು ಬಾಯಿಬಿಟ್ಟವು: ವ್ಯೋಮಿಂಗ್ ಸಾವಿನ ಚಾರ್ಟ್, ಮುಂದುವರಿದ ಭಾಗ

ಅಂತೂ ದಾರಿ ಸಿಕ್ಕಿತು! ಅಮೆರಿಕದ ವ್ಯೋಮಿಂಗ್ ರಾಜ್ಯದಲ್ಲಿ ವಾರವಾರ ಯಾವ ಕಾರಣಕ್ಕೆ ಎಷ್ಟು ಸಾವು ಅಂತ ತೋರಿಸುವ ಚಾರ್ಟ್ ಮಾಡುತ್ತಿದ್ದೆ. ಡೇಟಾದ ಎಷ್ಟೋ ಖಾನೆಗಳು ಖಾಲಿ ಇದ್ದದ್ದರಿಂದ ಅದು ನಿಂತಲ್ಲೇ ನಿಂತಿತ್ತು, ಈಗ ಮುಂದೆ ಹೊರಟಿದೆ. ಡೌನ್‌ಲೋಡ್, ಕಾಲಂ ಹೆಸರು, ಬಣ್ಣದ ವಿಷಯ ಇಲ್ಲಿ ಬೇಡ, ಬಿಡಿ.

ಡೇಟಾ ಅಮೆರಿಕದ ಎನ್‌ಸಿಎಚ್‌ಎಸ್‌ನದು, ಅಂದರೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರದ್ದು. 2014ರಿಂದ 2019ರವರೆಗೆ ಒಂದು ಫೈಲ್, 2020ರಿಂದ ಇನ್ನೊಂದು. ಹೃದಯದ ಕಾಯಿಲೆ, ಕ್ಯಾನ್ಸರ್ ಕಾಲಂಗಳಲ್ಲಿ ಸಂಖ್ಯೆ ಸಿಗುತ್ತದೆ. ಸೆಪ್ಟಿಸೀಮಿಯಾ (ರಕ್ತದ ಸೋಂಕು), ಕಿಡ್ನಿ, ಡಯಾಬಿಟಿಸ್ ಕಡೆ ಹೋದರೆ ಖಾಲಿಯೋ ಖಾಲಿ. ಯಾಕೆಂದರೆ 1ರಿಂದ 9ರವರೆಗಿನ ಸಂಖ್ಯೆಯನ್ನು ಅವರು ಮುಚ್ಚಿಡುತ್ತಾರೆ. ಸತ್ತವರು ಯಾರು ಅಂತ ಯಾರೂ ಪತ್ತೆ ಹಚ್ಚಬಾರದು ಅಂತ ಈ ನಿಯಮ, ನ್ಯಾಯವೇ. 2020ರ ಜನಗಣತಿಯಲ್ಲಿ ಇಡೀ ರಾಜ್ಯಕ್ಕೆ 5,76,851 ಜನ, ಹಾಗಾಗಿ ಎಷ್ಟೋ ಕಾರಣಗಳಲ್ಲಿ ವಾರದ ಸಾವು ಹತ್ತೂ ಮುಟ್ಟುವುದಿಲ್ಲ. ಇಷ್ಟು ಚಿಕ್ಕ ರಾಜ್ಯ ಯಾಕೆ ಬೇಕಿತ್ತು ಅಂತೀರಾ? ಕ್ಯಾಲಿಫೋರ್ನಿಯಾವನ್ನು ಎಲ್ಲರೂ ಮಾಡುತ್ತಾರೆ.

ಈಗ ಸ್ವಲ್ಪ ಬೈಗುಳ. ಇದೇ ಡೇಟಾದ 'ಸ್ವಚ್ಛ ಮಾಡಿದ' ಸಿಎಸ್‌ವಿ (ಕೋಷ್ಟಕದ ಫೈಲ್) ಹಂಚುವವರೊಬ್ಬರು ಖಾಲಿ ಜಾಗಕ್ಕೆಲ್ಲ 0 ತುಂಬಿದ್ದಾರೆ. ಮಹರಾಯರೇ, ಮೂಲದಲ್ಲಿ ಸಾವೇ ಇಲ್ಲದ ವಾರಕ್ಕೆ 0 ಅಂತಲೇ ಬರೆದಿರುತ್ತದೆ! ಇನ್ನೊಬ್ಬರು ಎಲ್ಲಕ್ಕೂ 5 ಹಾಕಿ ಕೈ ತೊಳೆದುಕೊಂಡಿದ್ದಾರೆ, ಗ್ರಾಫ್ ಇಸ್ತ್ರಿ ಹಾಕಿದ ಹಾಗೆ ಬರುತ್ತದೆ.

ಈ ಖಾಲಿ ಖಾನೆಗಳನ್ನು ತುಂಬುವ ಹಟ ಬಿಟ್ಟಾಗಲೇ ದಾರಿ ಕಂಡದ್ದು. ಖಾಲಿ ಅಂದರೆ ಏನೂ ಗೊತ್ತಿಲ್ಲ ಅಂತಲ್ಲ. 0 ಅಲ್ಲ, 10 ಅಥವಾ ಜಾಸ್ತಿಯೂ ಅಲ್ಲ ಅಂತ ಅದು ಹೇಳುತ್ತಿದೆ, ಅಲ್ವಾ? ವಾರದ ಸಾವಿನ ಸಂಖ್ಯೆ ಪಾಯ್ಸಾನ್ ಹಂಚಿಕೆಯಂತೆ ಇದೆ ಅಂತ ಇಟ್ಟುಕೊಳ್ಳಿ, ಅಂದರೆ ಸರಾಸರಿ ಗೊತ್ತಿದ್ದರೆ 0, 1, 2 ಹೀಗೆ ಯಾವ ಸಂಖ್ಯೆ ಬರುವ ಸಾಧ್ಯತೆ ಎಷ್ಟು ಅಂತ ಹೇಳುವ ಸೂತ್ರ. ಒಂದು ಕಾಲಂನಲ್ಲಿ ಸತತ 52 ವಾರ ಖಾಲಿ ಇದೆ ಅನ್ನೋಣ. ವಾರದ ಸರಾಸರಿ 2 ಆಗಿದ್ದರೆ ವರ್ಷದಲ್ಲಿ ಸುಮಾರು 7 ವಾರವಾದರೂ 0 ಕಾಣಬೇಕಿತ್ತು. ಸರಾಸರಿ 6 ಆಗಿದ್ದರೆ ಸುಮಾರು 4 ವಾರ 10 ಅಥವಾ ಜಾಸ್ತಿ ಆಗಿ ಸಂಖ್ಯೆ ಹೊರಗೆ ಬರಬೇಕಿತ್ತು. ಎರಡೂ ಇಲ್ಲ ಅಂದರೆ ಸರಾಸರಿ 4ರ ಆಸುಪಾಸಿನಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಒಂದೂ ಸಂಖ್ಯೆ ನೋಡದೆ ಇಷ್ಟು ಸಿಕ್ಕಿತು ನೋಡಿ! ಕೋಡ್‌ನಲ್ಲಿ ಒಂದೇ ಸಾಲು: ಖಾಲಿ ಇದ್ದಲ್ಲಿ 9ರ ಸಿಡಿಎಫ್‌ನಿಂದ (ಅಷ್ಟು ಅಥವಾ ಅದಕ್ಕಿಂತ ಕಡಿಮೆ ಬರುವ ಸಾಧ್ಯತೆ) 0ರ ಸಿಡಿಎಫ್ ಕಳೆಯಿರಿ, ಸಂಖ್ಯೆ ಇದ್ದಲ್ಲಿ ಮಾಮೂಲಿ ಪಿಎಂಎಫ್ (ಸರಿಯಾಗಿ ಅದೇ ಸಂಖ್ಯೆ ಬರುವ ಸಾಧ್ಯತೆ). ಚಾರ್ಟ್‌ನಲ್ಲಿ ವಾರದ ಚುಕ್ಕೆ ಇಡುವುದಿಲ್ಲ, ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ ತೋರಿಸುವ ಬಣ್ಣದ ಪಟ್ಟೆ ಮಾತ್ರ. ಮುಚ್ಚಿಟ್ಟದ್ದನ್ನು ಕೆದಕುವ ಉದ್ದೇಶ ನನಗಿಲ್ಲ.

ಹಾಂ, ಇವು ಸಾವು ಆದ ಜಾಗದ ಲೆಕ್ಕ. ವ್ಯೋಮಿಂಗ್‌ನವರು ಪಕ್ಕದ ಕೊಲೊರಾಡೊ ರಾಜ್ಯದ ಡೆನ್ವರ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಅದು ಕೊಲೊರಾಡೊ ಲೆಕ್ಕಕ್ಕೆ. ಹೋಲಿಕೆ ಮಾಡುವಾಗ ನೆನಪಿರಲಿ.

ಇದರ ಮಧ್ಯೆ ತಲೆಯಲ್ಲಿ ಮುಂದಿನ ಪ್ರಾಜೆಕ್ಟ್ ಕುಳಿತಿದೆ. ಪೆನ್ ಪ್ಲಾಟರ್‌ನಲ್ಲಿ (ಪೆನ್ನು ಹಿಡಿದು ಚಿತ್ರ ಬರೆಯುವ ಯಂತ್ರ) ವರ್ಷಕ್ಕೊಂದು ವೃತ್ತ, ವಾರಕ್ಕೊಂದರಂತೆ 52 ಗೆರೆ, ಹೃದಯದ ಸಾವಿನ ಚಳಿಗಾಲದ ಏರಿಕೆ ಒಂದೇ ಕಡೆ ಉಬ್ಬಿ ಕಾಣಬೇಕು. ಆದರೆ ಈ ಡೇಟಾದ ವಾರ ಭಾನುವಾರ ಶುರುವಾಗಿ ಶನಿವಾರ ಮುಗಿಯುತ್ತದೆ, ಎಂಎಂಡಬ್ಲ್ಯುಆರ್ ವಾರ ಅಂತ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವಾರದ ಲೆಕ್ಕ. ಅದರಲ್ಲಿ 2014ಕ್ಕೂ 2020ಕ್ಕೂ 53 ವಾರ! ಪಾಂಡಾಸ್‌ನ (ಪೈಥಾನ್‌ನ ಡೇಟಾ ಲೈಬ್ರರಿ) ಐಎಸ್‌ಒ ವಾರ, ಅಂದರೆ ಸೋಮವಾರ ಶುರುವಾಗುವ ಅಂತಾರಾಷ್ಟ್ರೀಯ ಲೆಕ್ಕ, ನಂಬಿದರೆ ಇನ್ನೂ ಚೆಂದ, ಅಲ್ಲಿ 53 ವಾರ ಬರುವುದು 2014ಕ್ಕಲ್ಲ, 2015ಕ್ಕೆ. ಹಾಗಾಗಿ ವಾರದ ಸಂಖ್ಯೆ ಬಿಟ್ಟು ಶನಿವಾರದ ದಿನಾಂಕವನ್ನೇ ಕೋನ ಮಾಡಿಕೊಳ್ಳುವ ಯೋಚನೆ.

ಅದಕ್ಕೂ ಮೊದಲು ಫ್ಲೂ-ನ್ಯುಮೋನಿಯಾ ಕಾಲಂ ಬಾಕಿ ಇದೆ. ಅಲ್ಲಿ ವರ್ಷಕ್ಕೊಂದೇ ಸರಾಸರಿ ನಡೆಯುವುದಿಲ್ಲ, ಚಳಿಗಾಲದ ಏರಿಳಿತಕ್ಕೆ ಸೈನ್-ಕೊಸೈನ್ ಅಲೆ ಸೇರಿಸಬೇಕು. ಪ್ಲಾಟರ್ ಪೆನ್ನು ಬರುವಷ್ಟರಲ್ಲಿ ಮುಗಿಸಬಹುದು, ಅಂಗಡಿಯವರು ಇನ್ನೂ 'ನಾಳೆ' ಅನ್ನುತ್ತಲೇ ಇದ್ದಾರೆ.