25 ಬರಬೇಕಾದಲ್ಲಿ 33

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸುವ ಪುಟ್ಟ ಫಂಕ್ಷನ್ ಒಂದನ್ನು ಕಳೆದ ವಾರ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. 2ಕ್ಕಿಂತ ಚಿಕ್ಕ ಸಂಖ್ಯೆ ಬಂದರೆ ಅದು ‘ಅಲ್ಲ’ ಎನ್ನಬೇಕು. ಉಳಿದವನ್ನು 2ರಿಂದ ಹಿಡಿದು ಆ ಸಂಖ್ಯೆಯ ವರ್ಗಮೂಲದವರೆಗೆ ಒಂದೊಂದರಿಂದಲೂ ಭಾಗಿಸಿ, ಎಲ್ಲಿಯಾದರೂ ಶೇಷ ಸೊನ್ನೆಯಾದರೆ ‘ಅಲ್ಲ’ ಎಂದೂ ಕೊನೆಯವರೆಗೆ ಆಗದಿದ್ದರೆ ‘ಹೌದು’ ಎಂದೂ ಹೇಳಬೇಕು. ಎರಡು ಅಪವರ್ತನಗಳ ಗುಣಲಬ್ಧವಾದ ಸಂಖ್ಯೆಯಲ್ಲಿ ಅವೆರಡೂ ಒಟ್ಟಿಗೆ ವರ್ಗಮೂಲವನ್ನು ಮೀರಲಾರವಾದ್ದರಿಂದ ಅಲ್ಲಿಂದ ಮುಂದೆ ಹುಡುಕುವ ಅಗತ್ಯವಿಲ್ಲ.

100ರವರೆಗಿನ ಅವಿಭಾಜ್ಯಗಳನ್ನು ಎಣಿಸಿದಾಗ 33 ಎಂಬ ಉತ್ತರ ಬಂತು. ಇರುವುದು 25 ಮಾತ್ರ. ಹೆಚ್ಚಾಗಿ ಸೇರಿಕೊಂಡಿದ್ದವು 4, 6, 8, 9, 15, 25, 35 ಮತ್ತು 49.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪೈಥಾನ್‌ನ ರೇಂಜ್ (ಸಂಖ್ಯೆಗಳನ್ನು ಸಾಲಾಗಿ ಕೊಡುವ ಸೌಲಭ್ಯ) ತನ್ನ ಕೊನೆಯ ಸಂಖ್ಯೆಯನ್ನು ಒಳಗೊಳ್ಳುವುದಿಲ್ಲ. ವರ್ಗಮೂಲಕ್ಕೆ 1 ಕೂಡಿಸುವುದನ್ನು ನಾನು ಮರೆತಿದ್ದೆ. ಆದರೆ ತಪ್ಪನ್ನು ತಿದ್ದಿದ ಮೇಲೂ ಆ ಎಂಟು ಸಂಖ್ಯೆಗಳು ನನ್ನನ್ನು ಬಿಡಲಿಲ್ಲ. ವರ್ಗಸಂಖ್ಯೆಗಳು ನುಸುಳಿದ್ದು ಸಹಜ. 35 ಏಕೆ ಬಂತು, 63 ಏಕೆ ಬರಲಿಲ್ಲ?

ವರ್ಗಮೂಲದ ಪೂರ್ಣಾಂಕ ಭಾಗ 5 ಆಗಿರುವುದು 25ರಿಂದ 35ರವರೆಗಿನ ಸಂಖ್ಯೆಗಳಿಗೆ. ನನ್ನ ಲೂಪ್, ಅಂದರೆ ಒಂದೊಂದರಿಂದಲೂ ಭಾಗಿಸುತ್ತ ಹೋಗುವ ಆವರ್ತನೆ, 4ಕ್ಕೇ ನಿಲ್ಲುತ್ತಿತ್ತು; ಆದ್ದರಿಂದ ಅದರ ಕಣ್ತಪ್ಪಿಸಬಲ್ಲವು 5ರ ಗುಣಕಗಳಾದ 25, 30 ಮತ್ತು 35 ಮಾತ್ರ. ಇವುಗಳಲ್ಲಿ 30 ಸಮಸಂಖ್ಯೆಯಾದ್ದರಿಂದ 2ಕ್ಕೇ ಸಿಕ್ಕಿಬಿತ್ತು. 35 ಎಂದರೆ 5 ಮತ್ತು 7ರ ಗುಣಲಬ್ಧ. 7 ಕೂಡ ಅವಿಭಾಜ್ಯವಾಗಿರುವುದರಿಂದ ಅದನ್ನು ಹಿಡಿಯಬಲ್ಲ ಚಿಕ್ಕ ಭಾಜಕವೇ ಇರಲಿಲ್ಲ. 63 ಎಂದರೆ 7 ಮತ್ತು 9ರ ಗುಣಲಬ್ಧ. 9ರೊಳಗಿನ 3 ಅದನ್ನು ಬಯಲು ಮಾಡಿತು. ಅಂದರೆ, 6 ಮತ್ತು 8ನ್ನು ಬಿಟ್ಟರೆ, ಆ ದೋಷದಿಂದ ನುಸುಳುವವು ಎರಡೇ ಬಗೆಯವು: ಅವಿಭಾಜ್ಯಗಳ ವರ್ಗಗಳು ಮತ್ತು 3–5, 5–7, 11–13ರಂತಹ, 2ರ ಅಂತರವಿರುವ ಅವಳಿ ಅವಿಭಾಜ್ಯಗಳ ಗುಣಲಬ್ಧಗಳು. ಒಂದು ಅಂಕಿಯ ಮರೆವಿನ ಹಿಂದೆ ಅವಳಿ ಅವಿಭಾಜ್ಯಗಳು ಕಾಣಿಸಿಕೊಂಡಾಗ ನನಗಾದ ಸಂತೋಷ ದೊಡ್ಡದು.

ಈಗ ವರ್ಗಮೂಲವನ್ನೇ ಕೈಬಿಟ್ಟು, ಭಾಜಕದ ವರ್ಗವು ಸಂಖ್ಯೆಯನ್ನು ಮೀರದಿರುವವರೆಗೆ ಲೂಪ್ ನಡೆಯಲಿ ಎಂದು ಬರೆಯುತ್ತೇನೆ. ದೊಡ್ಡ ಸಂಖ್ಯೆಗಳಲ್ಲಿ ದಶಮಾಂಶದ ನಿಖರತೆ ತಪ್ಪುವ ಭಯವೂ ಇದರಿಂದ ಇಲ್ಲವಾಗುತ್ತದೆ. 2ರ ನಂತರ ಬೆಸಸಂಖ್ಯೆಗಳನ್ನಷ್ಟೇ ನೋಡಿದರೆ 1000003 ಅವಿಭಾಜ್ಯವೆಂದು ತಿಳಿಯಲು 500 ಭಾಗಾಕಾರಗಳು ಸಾಕು. ಪರೀಕ್ಷೆಗೆಂದು ಮೊದಲು ಕೊಡುವುದು 121, 143, 289 ಮತ್ತು 323.